ಹೊಂದಿಕೆಯಾಗದ ವರದಿ: ಕರಾವಳಿಯ ಮೆಡಿಸಿನ್ ವಾರ್ಡಿನಲ್ಲಿ ಕೈತಪ್ಪುವ ಕಾಯಿಲೆಗಳ ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳ ಮೆಡಿಸಿನ್ ವಾರ್ಡುಗಳಲ್ಲಿ ಮಳೆಗಾಲ ಹಿಡಿದರೆ ಹಾಸಿಗೆ ಸಿಗುವುದು ಕಷ್ಟ. ಬಂದವರಲ್ಲಿ ಹೆಚ್ಚಿನವರದು ಜ್ವರ. ಮಲೇರಿಯಾ, ಡೆಂಗ್ಯೂ, ಇಲಿಜ್ವರ ಎಂಬ ಮೂರು ಹೆಸರುಗಳು ಇಲ್ಲಿನ ಪ್ರತಿಯೊಬ್ಬ ವೈದ್ಯರ ನಾಲಿಗೆಯ ತುದಿಯಲ್ಲಿ ಇರುವುದರಿಂದ ಅವು ಸಾಮಾನ್ಯವಾಗಿ ತಪ್ಪಿಹೋಗುವುದಿಲ್ಲ. ಈ ಹೆಸರುಗಳಲ್ಲಿ ಒಂದನ್ನು ಬೇಗನೆ ಬರೆದುಬಿಟ್ಟ ಕಾರಣಕ್ಕೆ ಹಿಂದೆ ಉಳಿದುಬಿಡುವ ಕಾಯಿಲೆಗಳು, ಮತ್ತು ಜ್ವರದ ಗದ್ದಲದ ನಡುವೆ ‘ಬರೀ ಸುಸ್ತು’ ಎಂದು ಹೇಳಿಕೊಂಡು ಮೂಲೆಯ ಹಾಸಿಗೆಯಲ್ಲಿ ಮಲಗಿರುವ ರೋಗಿಗಳ ಕಾಯಿಲೆಗಳು ತಪ್ಪಿಹೋಗುತ್ತವೆ. ಹೌಸ್ ಸರ್ಜನ್‌ಗಳು, ಪಿ.ಜಿ. ವಿದ್ಯಾರ್ಥಿಗಳು ಮತ್ತು ತಾಲೂಕಿನಲ್ಲಿ ಕೆಲಸ ಮಾಡುವ ವೈದ್ಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಈ ಕೈಪಿಡಿ ಎಲ್ಲ ಅಪರೂಪದ ಕಾಯಿಲೆಗಳ ಪಟ್ಟಿಯಲ್ಲ. ಬರೆದ ರೋಗನಿರ್ಣಯಕ್ಕೆ ಹೊಂದಿಕೆಯಾಗದ ಒಂದು ಸಂಗತಿ ಕಂಡಾಗ ಯಾವ ದಾರಿಯಲ್ಲಿ ಹುಡುಕಬೇಕು ಎಂಬುದಷ್ಟೇ ಇದರ ವಿಷಯ.

ಮೊದಲು ಹೆಸರನ್ನು ಬದಿಗಿಡಿ

ರೋಗಿಯ ಜೊತೆ ಬರುವ ರೆಫರಲ್ ಚೀಟಿಯಲ್ಲಿ ಬರೆದ ಹೆಸರು ಕ್ಯಾಶುವಾಲ್ಟಿಯ ಕೇಸ್ ಶೀಟಿಗೆ, ಅಲ್ಲಿಂದ ವಾರ್ಡಿಗೆ, ಕೊನೆಗೆ ಡಿಸ್ಚಾರ್ಜ್ ಸಮ್ಮರಿಗೆ ಹಾಗೆಯೇ ಇಳಿದು ಬರುತ್ತದೆ. ಪ್ರತಿ ಹಂತದಲ್ಲಿ ಅದು ಇನ್ನಷ್ಟು ಖಚಿತವಾದಂತೆ ಕಾಣುತ್ತದೆ, ಆದರೆ ಪುರಾವೆ ಮೊದಲ ದಿನ ಇದ್ದಷ್ಟೇ ಇರುತ್ತದೆ. ಆದ್ದರಿಂದ ಮೂರನೆಯ ದಿನವೂ ರೋಗಿ ನಿರೀಕ್ಷಿಸಿದಂತೆ ಸುಧಾರಿಸದಿದ್ದರೆ, ಆ ಹೆಸರನ್ನು ಯಾವ ಪರೀಕ್ಷೆಯ ಮೇಲೆ, ಕಾಯಿಲೆಯ ಎಷ್ಟನೆಯ ದಿನ ಬರೆಯಲಾಯಿತು ಎಂಬುದನ್ನು ಮೊದಲು ನೋಡಬೇಕು. ಡೆಂಗ್ಯೂ ಐಜಿಎಂ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಸೋಂಕಿನ ನಂತರ ಎರಡು ಮೂರು ತಿಂಗಳು ಪಾಸಿಟಿವ್ ಆಗಿಯೇ ಉಳಿಯಬಹುದು. ಜುಲೈಯಲ್ಲಿ ಡೆಂಗ್ಯೂ ಬಂದು ವಾಸಿಯಾದವನಿಗೆ ಸೆಪ್ಟೆಂಬರಿನಲ್ಲಿ ಬೇರೆ ಜ್ವರ ಬಂದರೂ ವರದಿ ಡೆಂಗ್ಯೂ ಎಂದೇ ಹೇಳಬಹುದು. ಜೊತೆಗೆ, ಡೆಂಗ್ಯೂ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಒಂಬತ್ತನೆಯ ದಿನವೂ 102 ಡಿಗ್ರಿ ಇದ್ದರೆ ಹೆಸರು ತಪ್ಪು, ಇಲ್ಲವೇ ಅದರ ಜೊತೆ ಇನ್ನೊಂದು ಕಾಯಿಲೆ ಇದೆ.

ಅನಂತರದ ಕೆಲಸ, ರೋಗದ ಹೆಸರನ್ನೇ ಬಳಸದೆ ಸಮಸ್ಯೆಗಳನ್ನು ಹೊಸ ಹಾಳೆಯಲ್ಲಿ ಬರೆಯುವುದು. ‘ಇಲಿಜ್ವರದ ರೋಗಿ’ ಎನ್ನುವ ಬದಲು ‘50 ವರ್ಷದ ಅಡಿಕೆ ತೋಟದ ಕೆಲಸಗಾರ, ಹತ್ತು ದಿನದ ಜ್ವರ, ಸಕ್ಕರೆ ಕಾಯಿಲೆ, ಪ್ಲೇಟ್‌ಲೆಟ್ ಸರಿಯಾಗಿದೆ, ಎಡ ಮೇಲ್ಹೊಟ್ಟೆಯಲ್ಲಿ ನೋವು’ ಎಂದು ಬರೆದ ಕೂಡಲೇ, ಹಳೆಯ ಹೆಸರು ಉತ್ತರಿಸದ ಪ್ರಶ್ನೆ ಎದ್ದು ಕಾಣುತ್ತದೆ: ಎಡ ಮೇಲ್ಹೊಟ್ಟೆ ಏಕೆ ನೋಯುತ್ತಿದೆ?

ಇಳಿಯದ ಜ್ವರ: ಬಟ್ಟೆಯ ಅಡಿಯಲ್ಲಿ ನೋಡಿದ್ದೀರಾ?

ಸ್ಕ್ರಬ್ ಟೈಫಸ್ ಪತ್ತೆಯಾಗಲು ಬೇಕಾದ ಅತ್ಯಂತ ಅಗ್ಗದ ಸಾಧನ ಟಾರ್ಚ್. ಒರಿಯೆಂಶಿಯಾ ಎಂಬ ಬ್ಯಾಕ್ಟೀರಿಯಾವನ್ನು ದೇಹಕ್ಕೆ ಸೇರಿಸುವ ಚಿಗ್ಗರ್ ಹುಳದ ಮರಿ ಕಚ್ಚಿದ ಜಾಗದಲ್ಲಿ, ಸಿಗರೇಟಿನಿಂದ ಸುಟ್ಟಂತೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದು ನೋಯುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಅಡಿ, ಕಿವಿಯ ಹಿಂದೆ, ವೃಷಣದ ಚರ್ಮ, ಹೊಕ್ಕುಳು ಮತ್ತು ನಡುವಿಗೆ ಕಟ್ಟಿದ ನೇವಳದ ಅಡಿಯಲ್ಲಿ ಅದನ್ನು ಹುಡುಕಬೇಕು. ಬೆವರಿ ಒದ್ದೆಯಾಗುವ ಸಂದುಗಳಲ್ಲಿ ಹಕ್ಕಳೆ ಕಳಚಿ ಬರೀ ಹಳದಿ ತಳದ ಸಣ್ಣ ಹುಣ್ಣು ಮಾತ್ರ ಉಳಿದಿರುತ್ತದೆ, ಅದನ್ನು ಸೀರೆ ಉಜ್ಜಿದ ಗಾಯ ಎಂದು ಬಿಟ್ಟುಬಿಡುವುದು ಸುಲಭ. ಹತ್ತಿರದ ದುಗ್ಧಗ್ರಂಥಿ ಊದಿದ್ದರೆ ಆ ಭಾಗವನ್ನು ಮತ್ತೊಮ್ಮೆ ನೋಡಬೇಕು. ಪರದೆ ಎಳೆದು, ಮಹಿಳಾ ರೋಗಿಯಾದರೆ ಸಿಸ್ಟರನ್ನು ಜೊತೆಗೆ ನಿಲ್ಲಿಸಿಕೊಂಡು ಮಾಡುವ ಈ ಪರೀಕ್ಷೆ ರೌಂಡ್ಸಿನ ಗಡಿಬಿಡಿಯಲ್ಲಿ ಆಗುವಂಥದ್ದಲ್ಲ. ಸಂಜೆ ವಾರ್ಡ್ ಶಾಂತವಾದ ಮೇಲೆ ಮಾಡುವುದೇ ಒಳ್ಳೆಯದು. ಹಕ್ಕಳೆ ಕಾಣಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಮೊದಲ ಕೆಲವು ದಿನಗಳಲ್ಲಿ ಐಜಿಎಂ ಎಲೈಸಾ ಕೂಡ ನೆಗೆಟಿವ್ ಬರಬಹುದು.

ಇಲ್ಲಿ ಔಷಧದ ಲೆಕ್ಕಾಚಾರವೂ ದಾರಿ ತಪ್ಪಿಸುತ್ತದೆ. ಸೆಫ್ಟ್ರಿಯಾಕ್ಸೋನ್ ಇಲಿಜ್ವರಕ್ಕೆ ನಾಟುತ್ತದೆ, ಸ್ಕ್ರಬ್ ಟೈಫಸ್‌ಗೆ ನಾಟುವುದಿಲ್ಲ. ಡಾಕ್ಸಿಸೈಕ್ಲಿನ್ ಎರಡಕ್ಕೂ ನಾಟುತ್ತದೆ. ಆದ್ದರಿಂದ ಸೆಫ್ಟ್ರಿಯಾಕ್ಸೋನ್ ಮಾತ್ರ ಪಡೆಯುತ್ತಿರುವ ರೋಗಿಯ ಜ್ವರ ಇಳಿಯದಿದ್ದರೆ ಡಾಕ್ಸಿಸೈಕ್ಲಿನ್ ಸೇರಿಸಲು ವರದಿಗಾಗಿ ಕಾಯಬೇಕಿಲ್ಲ. ಸ್ಕ್ರಬ್ ಟೈಫಸ್ ಆಗಿದ್ದರೆ ಜ್ವರ ಸಾಮಾನ್ಯವಾಗಿ 48 ಗಂಟೆಗಳಲ್ಲಿ ಇಳಿಯುತ್ತದೆ. ತೀವ್ರ ಸ್ಥಿತಿಯ ರೋಗಿಗಳಲ್ಲಿ ಡಾಕ್ಸಿಸೈಕ್ಲಿನ್ ಮತ್ತು ಅಜಿಥ್ರೋಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಮೇಲು ಎಂದು 2023ರಲ್ಲಿ ಪ್ರಕಟವಾದ ಭಾರತದ್ದೇ ಬಹುಕೇಂದ್ರ ಅಧ್ಯಯನ ತೋರಿಸಿತು. ಮೂರು ದಿನ ಡಾಕ್ಸಿಸೈಕ್ಲಿನ್ ಕೊಟ್ಟರೂ ಜ್ವರ ಜಗ್ಗಲಿಲ್ಲ ಎಂದಾದರೆ ಈ ಎರಡೂ ಹೆಸರುಗಳನ್ನು ಬದಿಗಿಟ್ಟು ಮುಂದೆ ಹೋಗಬೇಕು.

ಇಲಿಜ್ವರವನ್ನೇ ಹೆಪಟೈಟಿಸ್ ಎಂದು ತಪ್ಪಾಗಿ ಓದುವ ಪ್ರಸಂಗವೂ ಇದೆ. ಕಾಮಾಲೆಯನ್ನು ಅಳೆಯುವ ಬಿಲಿರುಬಿನ್ ಹದಿನೈದಕ್ಕೆ ಏರಿದ್ದರೂ ಯಕೃತ್ತಿನ ಹಾನಿ ತೋರಿಸುವ ಎಎಲ್‌ಟಿ ನೂರು ಇನ್ನೂರರಲ್ಲೇ ನಿಂತಿದ್ದರೆ, ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಹೆಚ್ಚಿದ್ದರೆ, ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ ಏರಿದ್ದರೂ ಪೊಟ್ಯಾಸಿಯಂ ಏರದೆ ಕಡಿಮೆಯೇ ಇದ್ದರೆ ವೈರಲ್ ಹೆಪಟೈಟಿಸ್ ಎನ್ನುವುದಕ್ಕೆ ಮೊದಲು ಮೀನಖಂಡ ಒತ್ತಿ ನೋಡಿ, ಕಣ್ಣಿನ ಬಿಳಿಭಾಗ ಕೀವಿಲ್ಲದೆ ಕೆಂಪೇರಿದೆಯೇ ನೋಡಿ. ಇಂಥವರಲ್ಲಿ ಕೆಮ್ಮು ಶುರುವಾಗಿ, ಹಿಮೋಗ್ಲೋಬಿನ್ ಒಮ್ಮೆಲೇ ಕುಸಿದು, ಎಕ್ಸ್‌ರೇಯಲ್ಲಿ ಎರಡೂ ಕಡೆ ನೆರಳು ಕಂಡರೆ ಅದು ನ್ಯುಮೋನಿಯಾ ಆಗಿರದೆ ಶ್ವಾಸಕೋಶದ ರಕ್ತಸ್ರಾವ ಆಗಿರಬಹುದು. ಐಸಿಯುಗೆ ಸಾಗಿಸಲು ತಡ ಮಾಡಬಾರದು.

ಘಟ್ಟದ ಅಂಚಿನ ಊರುಗಳಿಂದ, ಮಳೆಗಾಲ ಮುಗಿದ ಮೇಲೆ ಡಿಸೆಂಬರಿನಿಂದ ಮೇ ತನಕದ ಅವಧಿಯಲ್ಲಿ, ಕಾಡಿಗೆ ದರಗೆಲೆ ತರಲು ಹೋದವರು ಜ್ವರ, ತೀವ್ರ ಮೈಕೈ ನೋವು ಮತ್ತು ಕಡಿಮೆ ಬಿಳಿ ರಕ್ತಕಣಗಳೊಂದಿಗೆ ಬಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನೂ ನೆನೆಯಬೇಕು. ಊರಿನಲ್ಲಿ ಮಂಗ ಸತ್ತದ್ದು ಕಂಡಿತ್ತೇ ಎಂಬ ಪ್ರಶ್ನೆಗೆ ಅರ್ಧ ನಿಮಿಷ ಸಾಕು.

ಸಕ್ಕರೆ ಕಾಯಿಲೆ, ಮಳೆ, ಮಣ್ಣು

ಈ ಕರಾವಳಿಯಲ್ಲಿ ಅತಿ ಹೆಚ್ಚು ವೇಷ ಹಾಕುವ ಕಾಯಿಲೆ ಮೆಲಿಯೊಯ್ಡೋಸಿಸ್. 1912ರಲ್ಲಿ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ಇಬ್ಬರು ವೈದ್ಯರು ರಂಗೂನಿನಿಂದ ಇದನ್ನು ಮೊದಲಿಗೆ ವರದಿ ಮಾಡಿದರು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ದೇಶದಲ್ಲಿ ಈ ಕಾಯಿಲೆಯ ಬಗ್ಗೆ ಹೆಚ್ಚು ಬರೆದ ಕೇಂದ್ರಗಳಲ್ಲಿ ಒಂದು. ಆದರೂ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆಗೆ ಇದರ ಹೆಸರು ವಾರ್ಡಿನಲ್ಲಿ ಕೇಳಿಬರುವುದು ಅಪರೂಪ ಎಂಬುದು ನನ್ನ ಅನಿಸಿಕೆ. ಬರ್ಕೋಲ್ಡೇರಿಯಾ ಸೂಡೋಮಲೈ ಎಂಬ ಬ್ಯಾಕ್ಟೀರಿಯಾ ಮಣ್ಣು ಮತ್ತು ನಿಂತ ನೀರಿನಲ್ಲಿ ಇರುತ್ತದೆ. ಗದ್ದೆಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವಾಗ ಚರ್ಮದ ಗಾಯದ ಮೂಲಕ, ಜೋರು ಗಾಳಿಮಳೆಯಲ್ಲಿ ಉಸಿರಿನ ಮೂಲಕ ದೇಹ ಸೇರುತ್ತದೆ. ನಿಯಂತ್ರಣದಲ್ಲಿಲ್ಲದ ಸಕ್ಕರೆ ಕಾಯಿಲೆ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಆಹ್ವಾನ. ವಿಪರೀತ ಮದ್ಯಪಾನ, ಮೂತ್ರಪಿಂಡದ ದೀರ್ಘ ಕಾಯಿಲೆ, ಸ್ಟೀರಾಯ್ಡ್ ಸೇವನೆ ಅನಂತರದವು.

ಇದು ಕೈತಪ್ಪುವುದು ಮೂರು ಕಡೆಗಳಲ್ಲಿ. ಮೊದಲನೆಯದು ಎಕ್ಸ್‌ರೇಯ ಮುಂದೆ. ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು, ತಿಂಗಳ ಕೆಮ್ಮು, ತೂಕ ಇಳಿಕೆ ಇದ್ದು, ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಗದಿದ್ದರೂ ‘ಕಫ ನೆಗೆಟಿವ್ ಟಿಬಿ’ ಎಂದು ಮಾತ್ರೆ ಶುರುವಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆ ಕೂಡ ನೆಗೆಟಿವ್ ಬಂದ ಸಕ್ಕರೆ ಕಾಯಿಲೆಯ ರೋಗಿಗೆ ಕ್ಷಯದ ಚಿಕಿತ್ಸೆ ಆರಂಭಿಸುವ ಮೊದಲು ಕಫವನ್ನು ಸಾಮಾನ್ಯ ಬ್ಯಾಕ್ಟೀರಿಯಾ ಕಲ್ಚರಿಗೆ (ಬೆಳೆಸಿ ನೋಡುವ ಪರೀಕ್ಷೆಗೆ), ಮೆಲಿಯೊಯ್ಡೋಸಿಸ್ ಸಂಶಯ ಎಂದು ಬರೆದು ಕಳುಹಿಸುವುದು ಇಲ್ಲಿ ನಿಯಮವೇ ಆಗಬೇಕು. ಎರಡನೆಯದು ಸ್ಕ್ಯಾನಿಂಗ್ ಕೋಣೆಯಲ್ಲಿ. ಎಡ ಮೇಲ್ಹೊಟ್ಟೆಯಲ್ಲಿರುವ ಗುಲ್ಮದಲ್ಲಿ (ಸ್ಪ್ಲೀನ್) ಹಲವು ಸಣ್ಣ ಬಾವುಗಳು, ಯಕೃತ್ತಿನಲ್ಲಿ ಜೇನುಗೂಡಿನಂಥ ಬಾವು, ಪುರುಷರಲ್ಲಿ ಪ್ರಾಸ್ಟೇಟ್ ಬಾವು, ಜೊತೆಗೆ ಒಂದು ಕೀಲಿನಲ್ಲಿ ಕೀವು — ಇವುಗಳಲ್ಲಿ ಯಾವುದೇ ಎರಡು ಒಂದೇ ರೋಗಿಯಲ್ಲಿ ಕಂಡರೆ ಬೇರೆ ಹೆಸರು ಹುಡುಕುವ ಮೊದಲು ಇದನ್ನೇ ಹುಡುಕಬೇಕು. ಮೂತ್ರ ಕಟ್ಟಿದ ಜ್ವರದ ರೋಗಿಗೆ ಕ್ಯಾತಿಟರ್ ಹಾಕಿ ಸುಮ್ಮನಾಗುವುದರಿಂದ ಪ್ರಾಸ್ಟೇಟ್ ಬಾವು ತಪ್ಪಿಹೋಗುತ್ತದೆ.

ಮೂರನೆಯದು ಪ್ರಯೋಗಾಲಯದ ಮೇಜಿನ ಮೇಲೆ. ಬೆಳೆದ ಬ್ಯಾಕ್ಟೀರಿಯಾವನ್ನು ‘ಸೂಡೋಮೊನಾಸ್ ಜಾತಿ’ ಎಂದೋ ‘ಬಹುಶಃ ಹೊರಗಿನ ಬೆರಕೆ’ ಎಂದೋ ವರದಿ ಮಾಡುವುದುಂಟು. ಸ್ವಯಂಚಾಲಿತ ಯಂತ್ರಗಳೂ ಇದನ್ನು ಹತ್ತಿರದ ಬೇರೆ ಪ್ರಭೇದವೆಂದು ಗುರುತಿಸಿದ ಉದಾಹರಣೆಗಳಿವೆ. ವರದಿಯ ಕೆಳಗಿನ ಔಷಧಗಳ ಪಟ್ಟಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಆಕ್ಸಿಡೇಸ್ ಪಾಸಿಟಿವ್ ಆದ ಗ್ರಾಂ ನೆಗೆಟಿವ್ ಬ್ಯಾಸಿಲಸ್, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಅಮೋಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುತ್ತದೆ ಎಂದಿದ್ದರೆ, ಸಾಮಾನ್ಯ ಸೂಡೋಮೊನಾಸ್ ಹಾಗೆ ನಡೆದುಕೊಳ್ಳುವುದಿಲ್ಲ. ಆಗ ಮೈಕ್ರೋಬಯಾಲಜಿ ವಿಭಾಗಕ್ಕೆ ಫೋನ್ ಮಾಡಿ, ಪ್ಲೇಟನ್ನು ಎಸೆಯದಂತೆ ಕೇಳಿಕೊಂಡು, ಖಚಿತಪಡಿಸುವ ಲೇಟೆಕ್ಸ್ ಪರೀಕ್ಷೆ ಅಥವಾ ಪಿಸಿಆರ್‌ಗೆ ಏರ್ಪಾಡು ಮಾಡಬೇಕು. ಸುಕ್ಕುಗಟ್ಟಿದ ಕಾಲನಿಗಳು ಎರಡು ಮೂರು ದಿನ ಕಳೆದ ಮೇಲಷ್ಟೇ ಕಾಣಿಸಿಕೊಳ್ಳುತ್ತವೆ. ಒಂದೇ ಸಲದ ರಕ್ತ ಕಲ್ಚರ್ ನೆಗೆಟಿವ್ ಬಂದ ಮಾತ್ರಕ್ಕೆ ಕೈಬಿಡಬಾರದು: ರಕ್ತ, ಮೂತ್ರ, ಕಫ, ಗಂಟಲಿನ ಸ್ವಾಬ್, ಸಿಕ್ಕಿದರೆ ಕೀವು, ಎಲ್ಲವನ್ನೂ ಕಳುಹಿಸಬೇಕು.

ಚಿಕಿತ್ಸೆ ಎರಡು ಹಂತದ್ದು. ಮೊದಲು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ 10ರಿಂದ 14 ದಿನ, ಆಳದ ಬಾವುಗಳಿದ್ದರೆ ಇನ್ನೂ ಹೆಚ್ಚು. ಅನಂತರ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು. ಸರಿಯಾದ ಔಷಧ ಆರಂಭವಾದ ಮೇಲೂ ಜ್ವರ ಇಳಿಯಲು ವಾರಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ನಾಲ್ಕನೆಯ ದಿನ ಜ್ವರ ಇದೆಯೆಂದು ಔಷಧ ಬದಲಿಸುವ ಅವಸರ ಬೇಡ. ಎರಡನೆಯ ಹಂತವನ್ನು ರೋಗಿಗೆ ಬಿಡಿಸಿ ಹೇಳದೆ ಕಳುಹಿಸಿದರೆ, ಮೈ ಚೆನ್ನಾಗಿದೆ ಎಂದು ಮಾತ್ರೆ ನಿಲ್ಲಿಸಿ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು.

ಹೃದಯದ ಕವಾಟದ ಸೋಂಕಿನ ಬಗ್ಗೆ ಒಂದು ಮಾತು ಸಾಕು. ಆ್ಯಂಟಿಬಯೋಟಿಕ್ ಕೊಟ್ಟಾಗ ಇಳಿದು ನಿಲ್ಲಿಸಿದಾಗ ಮರಳುವ ಜ್ವರ ಇದ್ದರೆ, ಮುಂದಿನ ಡೋಸಿಗೆ ಮೊದಲು ಬೇರೆ ಬೇರೆ ಜಾಗದಿಂದ ಮೂರು ಸಲ ರಕ್ತ ಕಲ್ಚರ್ ತೆಗೆಯಿರಿ, ಪ್ರತಿದಿನ ಎದೆಗೆ ಸ್ಟೆತಸ್ಕೋಪ್ ಇಡಿ.

‘ಸುಸ್ತು ಹೋಗುವುದೇ ಇಲ್ಲ ಮಾರಾಯ್ರೆ’

ಸುಸ್ತಿನ ರೋಗಿಗೆ ಒಂದು ಬಾಟಲಿ ಗ್ಲೂಕೋಸ್, ಒಂದು ವಿಟಮಿನ್ ಸೂಜಿ ಕೊಟ್ಟು ಕಳುಹಿಸುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಬಾಟಲಿ ಹಾಕಿದಾಗ ನಿಜಕ್ಕೂ ಒಂದೆರಡು ದಿನ ಚೇತರಿಕೆ ಕಾಣುವ ಒಂದು ಕಾಯಿಲೆಯಿದೆ ಎಂಬುದೇ ಇಲ್ಲಿನ ತೊಡಕು. ಅಡ್ರಿನಲ್ ಗ್ರಂಥಿ ಸೋತಿರುವ ರೋಗಿಗೆ ಸಲೈನ್ ಹೋದ ಕೂಡಲೇ ರಕ್ತದೊತ್ತಡ ಏರಿ ಹಾಯೆನಿಸುತ್ತದೆ, ವಾರದಲ್ಲಿ ಮತ್ತೆ ವಾಂತಿ, ತಲೆಸುತ್ತು ಎಂದು ಬರುತ್ತಾನೆ. ಪದೇ ಪದೇ ಬಾಟಲಿ ಹಾಕಿಸಿಕೊಳ್ಳಲು ಬರುವ ರೋಗಿಯನ್ನು ಚಟದವನೆಂದು ತಿಳಿಯದೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು. ಅಂಗೈಯ ಗೆರೆಗಳು, ಗೆಣ್ಣುಗಳು, ಒಸಡು ಮತ್ತು ಕೆನ್ನೆಯ ಒಳಭಾಗ ಹೊಸದಾಗಿ ಕಪ್ಪಾಗಿವೆಯೇ ನೋಡಬೇಕು. ಬಿಸಿಲಿಗೆ ಕಪ್ಪಾದದ್ದು ಎಂದು ಮನೆಯವರು ಹೇಳಬಹುದು, ಆದರೆ ಒಸಡಿಗೆ ಬಿಸಿಲು ಬೀಳುವುದಿಲ್ಲ. ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇದ್ದರೆ ಸಂಶಯ ಗಟ್ಟಿಯಾಗುತ್ತದೆ. ಅಡ್ರಿನಲ್ ಹಾರ್ಮೋನ್ ಆದ ಕಾರ್ಟಿಸಾಲ್ ಬೆಳಗ್ಗೆ 8 ಗಂಟೆಗೆ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆ; ನಡುವಿನ ಮಟ್ಟದಲ್ಲಿದ್ದರೆ ಅಡ್ರಿನಲನ್ನು ಪ್ರಚೋದಿಸಿ ನೋಡುವ 250 ಮೈಕ್ರೋಗ್ರಾಂ ಎಸಿಟಿಎಚ್ ಪರೀಕ್ಷೆ ಬೇಕು. ಬಿಪಿ ಕುಸಿದ ರೋಗಿಯಲ್ಲಿ ಮಾತ್ರ ಪರೀಕ್ಷೆಗಾಗಿ ಕಾಯಬಾರದು: ಕಾರ್ಟಿಸಾಲ್‌ಗೆ ರಕ್ತ ತೆಗೆದಿಟ್ಟು ಕೂಡಲೇ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಬೇಕು.

ನಮ್ಮ ದೇಶದಲ್ಲಿ ಅಡ್ರಿನಲ್ ಹಾಳಾಗಲು ಕ್ಷಯ ಒಂದು ಮುಖ್ಯ ಕಾರಣ. ಕ್ಷಯದ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್ ದೇಹದ ಕಾರ್ಟಿಸಾಲನ್ನು ಬೇಗ ಕರಗಿಸುತ್ತದೆ. ಹೀಗಾಗಿ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ವಾಂತಿ, ನಿತ್ರಾಣ ಹೆಚ್ಚಾದ ರೋಗಿಗೆ ‘ಟಿಬಿ ಮಾತ್ರೆ ಹೊಟ್ಟೆಗೆ ಹಿಡಿಸುತ್ತಿಲ್ಲ’ ಎಂದು ಹೇಳಿ, ಲಿವರ್ ಪರೀಕ್ಷೆಯಷ್ಟನ್ನೇ ಮಾಡಿ ನಿಲ್ಲಿಸಿದರೆ ಕಾಯಿಲೆ ತಪ್ಪಿಹೋಗುತ್ತದೆ. ಗಂಟುನೋವಿಗೆ ಸ್ಟೀರಾಯ್ಡ್ ಬೆರೆತಿರಬಹುದಾದ ಹೆಸರಿಲ್ಲದ ಪುಡಿ, ಮಾತ್ರೆ ತಿಂಗಳುಗಟ್ಟಲೆ ತಿಂದು ಹಠಾತ್ತನೆ ಬಿಟ್ಟವರಲ್ಲೂ ಇದೇ ಚಿತ್ರ ಕಾಣುತ್ತದೆ, ಆದರೆ ಅವರ ಮೈ ಕಪ್ಪಾಗುವುದಿಲ್ಲ, ಪೊಟ್ಯಾಸಿಯಂ ಏರುವುದಿಲ್ಲ. ಆ ಪೊಟ್ಟಣವನ್ನು ಮನೆಯಿಂದ ತರಿಸಿ ನೋಡಿ.

ಮಹಿಳೆಯರಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಕಾಯಿಲೆ ಹತ್ತು ಹದಿನೈದು ವರ್ಷ ಹೆಸರಿಲ್ಲದೆ ಉಳಿಯುತ್ತದೆ. ಕುಂದಾಪುರದ ಕಡೆಯ, ನಲವತ್ತೈದು ದಾಟಿದ ಹೆಂಗಸೊಬ್ಬರು ಎರಡು ದಿನದ ಭೇದಿಯ ನಂತರ ಮಂಕಾಗಿ ಬರುತ್ತಾರೆ ಎನ್ನಿ. ಸೋಡಿಯಂ 112. ಭೇದಿಯಿಂದ ಸೋಡಿಯಂ ಇಳಿದಿದೆ ಎಂದು ಬರೆದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಎರಡು ದಿನದ ಭೇದಿಗೆ 112 ಹೊಂದಿಕೆಯಾಗುವುದಿಲ್ಲ. ಚರ್ಮ ಬಿಳಿಚಿ ನಯವಾಗಿದೆ, ಕಂಕುಳಲ್ಲಿ ಕೂದಲಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಒಂದೇ:

“ಅಮ್ಮಾ, ಕೊನೆಯ ಹೆರಿಗೆ ಆದ ಮೇಲೆ ಮಗುವಿಗೆ ಎದೆಹಾಲು ಬಂತಾ?”

“ಇಲ್ಲ ಡಾಕ್ಟ್ರೇ, ಡಬ್ಬಿ ಹಾಲೇ ಕೊಟ್ಟದ್ದು. ಆಗ ತುಂಬಾ ರಕ್ತ ಹೋಗಿತ್ತು, ನಾಲ್ಕು ಬಾಟಲಿ ಹಾಕಿದ್ರು. ಆಮೇಲೆ ಮುಟ್ಟೂ ಆಗಲೇ ಇಲ್ಲ.”

ಹೆರಿಗೆಯ ರಕ್ತಸ್ರಾವದಿಂದ ಪಿಟ್ಯುಟರಿ ಗ್ರಂಥಿ ಸತ್ತುಹೋಗುವ ಶೀಹನ್ ಸಿಂಡ್ರೋಮಿನ ಕತೆ ಇದು. ಇಲ್ಲಿ ಥೈರಾಯ್ಡನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನ್ ಆದ ಟಿಎಸ್‌ಎಚ್ ಮಾತ್ರ ನೋಡುವುದು ಬಲೆ. ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದರೂ ಟಿಎಸ್‌ಎಚ್ ಸರಿಯಾಗಿಯೇ ಕಾಣಬಹುದು, ಆದ್ದರಿಂದ ಫ್ರೀ ಟಿ4 ಜೊತೆಗೆ ನೋಡಬೇಕು. ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನ್ ಎರಡೂ ಕಡಿಮೆಯೆಂದು ಕಂಡಾಗ ಮೊದಲು ಸ್ಟೀರಾಯ್ಡ್, ಅನಂತರ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಥೈರಾಕ್ಸಿನ್ ಮಾತ್ರೆಯೇ ಅಡ್ರಿನಲ್ ಬಿಕ್ಕಟ್ಟನ್ನು ತರಬಹುದು. ಇನ್ನೊಂದು ಎಚ್ಚರಿಕೆಯೂ ಬೇಕು: ಹೈಡ್ರೋಕಾರ್ಟಿಸೋನ್ ಕೊಟ್ಟ ಕೂಡಲೇ ಮೂತ್ರ ಧಾರಾಳವಾಗಿ ಹೋಗಿ ಸೋಡಿಯಂ ತಾನಾಗಿ ವೇಗವಾಗಿ ಏರುತ್ತದೆ. ಮಿದುಳಿಗೆ ಅಪಾಯವಾಗದಂತೆ 24 ಗಂಟೆಗಳಲ್ಲಿ 8 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಲು ನಾಲ್ಕರಿಂದ ಆರು ಗಂಟೆಗೊಮ್ಮೆ ಸೋಡಿಯಂ ನೋಡುತ್ತಿರಬೇಕು. ಕಡಿಮೆ ಸೋಡಿಯಂಗೆ, ನೀರನ್ನು ಹಿಡಿದಿಡುವ ಹಾರ್ಮೋನ್ ಅತಿಯಾಗುವ ಎಸ್‌ಐಎಡಿಎಚ್ ಎಂಬ ಹೆಸರನ್ನು ಕಾರ್ಟಿಸಾಲ್ ಮತ್ತು ಥೈರಾಯ್ಡ್ ವರದಿ ಕೈಗೆ ಬರುವ ಮೊದಲು ಬರೆಯಬಾರದು. ಬಿಪಿಗೆಂದು ಥಯಾಜೈಡ್ (ಸೋಡಿಯಂ ಇಳಿಸಬಲ್ಲ, ಮೂತ್ರ ಹೆಚ್ಚಿಸುವ ಔಷಧ) ಇರುವ ಮಾತ್ರೆ ತಿನ್ನುವ ಹಿರಿಯರಲ್ಲಿ ಮಾತ್ರೆಯ ಚೀಟಿಯನ್ನೇ ಮೊದಲು ಓದಬೇಕು.

ರಕ್ತದ ವರದಿಯಲ್ಲಿ ಅಡಗಿರುವವು

ಹಿಮೋಗ್ಲೋಬಿನ್ 5, ಬಿಳಿ ಕಣ ಕಡಿಮೆ, ಪ್ಲೇಟ್‌ಲೆಟ್ 60 ಸಾವಿರ, ಕೋಶಗಳು ಒಡೆದಾಗ ಏರುವ ಎಲ್‌ಡಿಎಚ್ ಸಾವಿರಗಳಲ್ಲಿ, ತುಸು ಕಾಮಾಲೆ. ಇದನ್ನು ನೋಡಿ ರಕ್ತದ ಕ್ಯಾನ್ಸರ್ ಎಂದು ಮನೆಯವರನ್ನು ಹೆದರಿಸುವ ಮುನ್ನ ಸ್ಮಿಯರನ್ನು (ಗಾಜಿನ ಮೇಲೆ ಹರಡಿದ ರಕ್ತವನ್ನು) ಪೆಥಾಲಜಿಸ್ಟರ ಜೊತೆ ಕೂತು ನೋಡಬೇಕು. ನ್ಯೂಟ್ರೋಫಿಲ್‌ಗಳ ಕೋಶಕೇಂದ್ರ ಐದಕ್ಕಿಂತ ಹೆಚ್ಚು ಹೋಳಾಗಿದ್ದರೆ, ಬೆರಳ ಗೆಣ್ಣುಗಳು ಕಪ್ಪಾಗಿದ್ದರೆ, ಅದು ಬಿ12 ಕೊರತೆಯಾಗಿರುವ ಸಾಧ್ಯತೆಯೇ ಹೆಚ್ಚು. ಹೆಚ್ಚು ಹಾಲು ಮೊಸರೂ ಇಲ್ಲದ ಸಸ್ಯಾಹಾರ ಮತ್ತು ವರ್ಷಗಟ್ಟಲೆಯ ಮೆಟ್‌ಫಾರ್ಮಿನ್ ಎರಡೂ ಸೇರಿದ ರೋಗಿಗಳು ಉಡುಪಿಯ ಒಪಿಡಿಯಲ್ಲಿ ಅಪರೂಪವಲ್ಲ. ಅವರ ಪಾದದ ಜೋಮನ್ನು ‘ಶುಗರಿನ ನರದೋಷ’ ಎಂದು ಬರೆದು ಮುಗಿಸುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಟ್ಯೂನಿಂಗ್ ಫೋರ್ಕ್ ಇಟ್ಟು ಕಂಪನ ನೋಡಿ, ಕಣ್ಣು ಮುಚ್ಚಿ ನಿಲ್ಲಿಸಿ ನೋಡಿ. ಬಿ12 ಸರಿಪಡಿಸದೆ ಫೋಲಿಕ್ ಆಮ್ಲವನ್ನು ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು ನರಗಳು ಹದಗೆಡುತ್ತವೆ.

ಅರವತ್ತು ದಾಟಿದವರ ಬೆನ್ನುನೋವು, ರಕ್ತಹೀನತೆ, ಏರಿದ ಕ್ರಿಯಾಟಿನಿನ್ ಮೂರೂ ಒಟ್ಟಿಗೆ ಇದ್ದರೆ ಒಟ್ಟು ಪ್ರೋಟೀನಿನಿಂದ ಅಲ್ಬುಮಿನ್ ಕಳೆಯಿರಿ. ವ್ಯತ್ಯಾಸ 4 ದಾಟಿದರೆ ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ಹುಡುಕಿ, ಕ್ಯಾಲ್ಸಿಯಂ ನೋಡಿ, ಅಲ್ಲಿಯ ತನಕ ಬೆನ್ನುನೋವಿಗೆ ಡೈಕ್ಲೋಫೆನಾಕ್ ನಿಲ್ಲಿಸಿ.

ಎದೆ ಸ್ವಚ್ಛವಾಗಿದ್ದೂ ಉಸಿರು ಕಟ್ಟುವುದು

ಸ್ಟೆತಸ್ಕೋಪಿಗೆ ಎದೆ ಸ್ವಚ್ಛ, ಎಕ್ಸ್‌ರೇ ಸರಿ, ಆದರೆ ಸ್ಯಾಚುರೇಶನ್ 88, ನಾಡಿ 120 ಎಂದಾದರೆ ಅದನ್ನು ಗಾಬರಿ ಎನ್ನಬೇಡಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುವುದನ್ನು ಹೊರಗಿಡದೆ ಆ ರೋಗಿಯನ್ನು ಮನೆಗೆ ಕಳುಹಿಸಬಾರದು. ಒಂದು ಕಾಲು ಊದಿದೆಯೇ ಎಂದು ಕಾಲುಗಳನ್ನು ಅಳೆಯಿರಿ. ಇತ್ತೀಚಿನ ಶಸ್ತ್ರಚಿಕಿತ್ಸೆ, ಹೆರಿಗೆ, ಪ್ಲಾಸ್ಟರ್, ಗರ್ಭನಿರೋಧಕ ಮಾತ್ರೆ, ಕ್ಯಾನ್ಸರ್ ಬಗ್ಗೆ ಕೇಳಿ. ಹೆಪ್ಪು ಕರಗುವಾಗ ಏರುವ ಡಿ-ಡೈಮರ್‌ನ ಪರೀಕ್ಷೆ, ಸಂಶಯ ಕಡಿಮೆ ಇರುವವರಲ್ಲಿ ಈ ಕಾಯಿಲೆಯನ್ನು ಹೊರಗಿಡಲು ಮಾತ್ರ ಉಪಯುಕ್ತ. ಜ್ವರ ಬಂದು ಮಲಗಿದ ಬಹಳಷ್ಟು ಜನರಲ್ಲಿ ಅದು ಏರಿರುತ್ತದೆ. ಸಂಶಯ ಬಲವಾಗಿದ್ದರೆ ನೇರವಾಗಿ ಸಿಟಿ ಆಂಜಿಯೋಗ್ರಾಂ.

ಇದರ ಪಕ್ಕದಲ್ಲೇ ಇಡಬೇಕಾದದ್ದು ‘ಗ್ಯಾಸ್ಟ್ರಿಕ್’ ಎಂಬ ದೂರು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರೀ ಬೆವರು, ಏದುಸಿರು, ಮೇಲ್ಹೊಟ್ಟೆಯ ಸಂಕಟವಾಗಿ ಬರುತ್ತದೆ. ಪ್ಯಾಂಟೊಪ್ರಜೋಲ್ ಸೂಜಿಗೆ ಕೈ ಹೋಗುವ ಮುನ್ನ, ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು. ಅದು ಸರಿಯಾಗಿದ್ದು ತೊಂದರೆ ಮುಂದುವರಿದರೆ ಅರ್ಧ ಗಂಟೆಯೊಳಗೆ ಇನ್ನೊಮ್ಮೆ.

ಬಿಡುಗಡೆಯ ದಿನ

ಕೈತಪ್ಪಿದ ಕಾಯಿಲೆಗಳಲ್ಲಿ ಕೆಲವು ನಿಜಕ್ಕೂ ಪತ್ತೆಯಾಗಿಯೇ ಇರುತ್ತವೆ, ಆದರೆ ವರದಿ ಬರುವ ಹೊತ್ತಿಗೆ ರೋಗಿ ಮನೆ ಸೇರಿರುತ್ತಾನೆ. ಐದನೆಯ ದಿನ ಬೆಳೆದ ಕಲ್ಚರ್, ಬೆಂಗಳೂರಿನ ಪ್ರಯೋಗಾಲಯದಿಂದ ತಡವಾಗಿ ಬರುವ ಹಾರ್ಮೋನ್ ವರದಿ, ಬಯಾಪ್ಸಿ, ಇವು ಕೇಸ್ ಶೀಟಿನ ಜೊತೆ ರೆಕಾರ್ಡ್ ರೂಮಿಗೆ ಹೋಗಿ ಕೂರುತ್ತವೆ. ಆದ್ದರಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಾಕಿ ಇರುವ ಪರೀಕ್ಷೆಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆದು, ಯಾವ ದಿನ ಯಾರನ್ನು ಕೇಳಬೇಕು ಎಂಬುದನ್ನು ಕನ್ನಡದಲ್ಲಿಯೇ ಬರೆದುಕೊಡಬೇಕು. ರೋಗಿಯ ಫೋನ್ ನಂಬರಿನ ಜೊತೆ ಮನೆಯಲ್ಲಿರುವ ಇನ್ನೊಬ್ಬರ ನಂಬರನ್ನೂ ಪಡೆದುಕೊಳ್ಳಬೇಕು. ಮಲ್ಪೆಯಿಂದ ಆಳಸಮುದ್ರಕ್ಕೆ ಬೋಟಿನಲ್ಲಿ ಹೋದವರು ಹಲವು ದಿನ ಫೋನಿಗೆ ಸಿಗುವುದಿಲ್ಲ, ರಜೆ ಮುಗಿಸಿ ಗಲ್ಫಿಗೆ ಮರಳಿದವರ ಊರಿನ ನಂಬರು ಬಂದ್ ಆಗಿರುತ್ತದೆ. ರೋಗನಿರ್ಣಯ ಖಚಿತವಾಗದೆ ಬಿಡುಗಡೆಯಾಗುವ ರೋಗಿಯ ಸಮ್ಮರಿಯಲ್ಲಿ ‘ಕಾರಣ ಪತ್ತೆಯಾಗದ ಜ್ವರ, ಈ ಈ ಕಾಯಿಲೆಗಳನ್ನು ಹೊರಗಿಡಲಾಗಿದೆ’ ಎಂದು ಹಾಗೆಯೇ ಬರೆದರೆ, ಮುಂದಿನ ವೈದ್ಯರು ಹುಡುಕಾಟವನ್ನು ಅಲ್ಲಿಂದಲೇ ಮುಂದುವರಿಸಬಹುದು.